ಗಂಟಿಲ್ಲದ ಕರು

ನಮ್ಮ ಊರಲ್ಲಿ ಹುಟ್ಟುವ ಕರುವಿಗೆ ಬಾಲದ ಬುಡದಲ್ಲಿ ಎರಡು ಗಂಟು ಇರುತ್ತವೆ. ಅದರ ಸ್ವಂತ ಕೂದಲಿನವೇ. ಬಲಗಡೆಯದು ತಂದೆ ಕೊಟ್ಟದ್ದು, ಎಡಗಡೆಯದು ತಾಯಿ ಕೊಟ್ಟದ್ದು. ಕುರಿಗೂ ಇರುತ್ತವೆ, ಆಡಿಗೂ ಇರುತ್ತವೆ, ಗೋಡೆಯ ಬಿರುಕಿನಲ್ಲಿ ಓಡಾಡುವ ಇಲಿಗೂ ಇರುತ್ತವೆ. ಕರುವಿನದು ಹುಣಸೆಬೀಜದಷ್ಟು, ಇಲಿಯದು ಸಾಸಿವೆಯಷ್ಟು. ಮೈ ತುಂಬಬೇಕಾದಷ್ಟು ತುಂಬಿದ ಮೇಲೆ ಗಂಟು ತಾನಾಗಿ ಬಿಗಿಯುತ್ತದೆ, ಮಾಂಸ ಅಲ್ಲಿಗೆ ನಿಲ್ಲುತ್ತದೆ. ಪಂಕ್ತಿಯಲ್ಲಿ ಕೂತವರು ಐದನೆಯ ಸಲ ಹುಗ್ಗಿ ಕೇಳಿದರೆ ಬಡಿಸುವವರು, "ಯಾಕಪಾ, ಗಂಟು ಬಿಚ್ಚೈತೇನು?" ಎಂದು ಕಾಡಿಸುತ್ತಾರೆ. "ಮನಷ್ಯಾಗ ಗಂಟ ಇಲ್ಲವ್ವಾ, ಹಾಕು" ಎಂದು ಅವರು ನಗುತ್ತಾರೆ. ಆ ಮಾತು ಎಷ್ಟು ನಿಜವೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಗಂಟು ನೋಡುವ ಕೆಲಸ ನಮ್ಮ ಮನೆಯದು. ನನ್ನ ಹೆಸರು ಅಡಿವೆವ್ವ. ಅತ್ತೆ ಮಾಡುತ್ತಿದ್ದಳು, ಅವಳ ಕೈ ನಡುಗತೊಡಗಿದ ಮೇಲೆ ನಾನು ಮಾಡಿದೆ. ದನಗಳ ಹೆರಿಗೆಗೂ ನನ್ನನ್ನೇ ಕರೆಯುತ್ತಾರೆ. ಕರು ಹುಟ್ಟಿದ ಹನ್ನೊಂದನೆಯ ದಿನ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಔಡಲೆಣ್ಣೆಯ ಗಿಂಡಿ ಹಿಡಿದು ಹೋಗುತ್ತೇನೆ. ಎಣ್ಣೆಯಲ್ಲಿ ಅದ್ದಿದ ಬೆರಳಿನಿಂದ ಒಂದೊಂದೇ ಗಂಟು ಮುಟ್ಟಿ, "ಇದು ಅಪ್ಪಂದು, ಇದು ಅವ್ವಂದು, ಎರಡೂ ಅದಾವು" ಎಂದು ಗಟ್ಟಿಯಾಗಿ ಹೇಳಬೇಕು. ಮನೆಯವರೆಲ್ಲ "ಅದಾವು" ಎನ್ನಬೇಕು. ಅಷ್ಟೇ ಶಾಸ್ತ್ರ. ಎಣ್ಣೆ ಯಾಕೆಂದರೆ ಒಣಗಿದ ಕೂದಲು ಸಡಿಲಾಗುತ್ತದೆ, ಒಮ್ಮೆ ಬಿಚ್ಚಿದ ಗಂಟಿನ ಕೂದಲು ಉದುರಿಹೋಗುತ್ತದೆ, ಮತ್ತೆ ಕಟ್ಟಲು ಬರುವುದಿಲ್ಲ. ಆ ಪುಟ್ಟ ಗಂಟಿನ ಮೇಲೆ ಬೆರಳಿಟ್ಟಾಗಲೆಲ್ಲ ನನಗೆ ಕಣ್ಣು ಮುಚ್ಚಬೇಕು ಅನಿಸುತ್ತಿತ್ತು. ಬೆಳೆಸು ಎಂದು ಎಲ್ಲರೂ ಶಿವನನ್ನು ಕೇಳುತ್ತಾರೆ. ನಿಲ್ಲಿಸು ಎಂದು ಯಾರೂ ಕೇಳುವುದಿಲ್ಲ. ಅವನು ಕೇಳದೆಯೇ ಕೊಟ್ಟಿದ್ದ.

ನಾನು ಸಿಟ್ಟಿನ ಹೆಂಗಸಲ್ಲ. ಗಂಡ ಹೋದಾಗಲೂ ಶಿವನ ಜೊತೆ ಜಗಳ ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ, ಲಿಂಗಕ್ಕೆ ಎರಡು ತುಂಬೆಹೂ ಇಟ್ಟು, ಹಸುವಿನ ಹತ್ತಿರ ಕೂತು ಸುಮ್ಮನೆ ಅದರ ಉಸಿರು ಕೇಳಿದರೆ ನನ್ನ ಪೂಜೆ ಮುಗಿಯಿತು. ಆದರೆ ಈ ಕಥೆ ಹೇಳುವಾಗ ನನ್ನ ದನಿ ಏರಿದರೆ ತಗ್ಗಿಸು ಎನ್ನಬೇಡಿ. ತಗ್ಗಿಸಿಕೊಂಡೇ ಮೂರು ವರ್ಷ ಕಳೆದಿದ್ದೇನೆ.

ಮೊದಲು ಬಿಚ್ಚಿದ್ದು ಮನುಷ್ಯರಲ್ಲ, ಜಾಲಿಮುಳ್ಳು. ಕುಂಬಾರರ ಓಣಿಯ ಹೋರಿಗರುವೊಂದು ಬೇಲಿ ನುಸುಳುವಾಗ ಅದರ ಬಲಗಡೆಯ ಗಂಟು ಮುಳ್ಳಿಗೆ ಸಿಕ್ಕಿ ಬಿಚ್ಚಿಹೋಯಿತು. ಕುಂಬಾರರು ಅಳುತ್ತ ನನ್ನ ಹತ್ತಿರ ಬಂದರು. ನಾನು ಇನ್ನೊಂದು ಗಂಟಿಗೆ ಎಣ್ಣೆ ಹಚ್ಚಿ, "ಒಂದ ಐತಲ್ಲ, ಹೆದರಬ್ಯಾಡ್ರಿ" ಎಂದು ಕಳಿಸಿದೆ. ಕರು ಚೆನ್ನಾಗಿಯೇ ಬೆಳೆಯಿತು. ಚೆನ್ನಾಗಿ ಎಂದರೆ, ತೊಡೆ ಉರುಟಾಗಿ, ಭುಜ ಎದ್ದು, ಮಣ್ಣು ತುಂಬಿದ ಗಾಡಿಯನ್ನು ಒಂದೇ ಎತ್ತು ಎಳೆಯುವಷ್ಟು. ಓಡುತ್ತಿತ್ತು, ಉಸಿರಾಡುತ್ತಿತ್ತು, ಏನೂ ಕೆಡಲಿಲ್ಲ. ಇದು ನಿಜ, ನಾನೇ ಹೇಳುತ್ತೇನೆ. ಒಂದು ಗಂಟು ಹೋದರೆ ಏನೂ ಕೆಡಲಿಲ್ಲ. ಕೆಟ್ಟದ್ದು, ಆ ಎತ್ತನ್ನು ಊರ ತಕ್ಕಡಿಗೆ ಹತ್ತಿಸಿದ ದಿನ.

ನಮ್ಮ ಊರಿನ ನಡುವೆ ದೊಡ್ಡ ತಕ್ಕಡಿ ಇದೆ. ಬೇವಿನ ತೊಲೆಯ ದಂಡ, ಹಲಗೆಯ ತಟ್ಟೆ, ತೂಕಕ್ಕೆ ಕಲ್ಲಿನ ಬಟ್ಟು. ಹುಣ್ಣಿಮೆಗೊಮ್ಮೆ ಊರ ದನಗಳನ್ನು ತೂಗುತ್ತಾರೆ, ಹೊಳೆಯಾಚೆಯ ಊರಿನವರೂ ಅದೇ ದಿನ ತೂಗುತ್ತಾರೆ, ಯಾರದು ಹೆಚ್ಚು ಎಂದು ಮರುದಿನ ದಂಡೆಯ ಮೇಲೆ ನಿಂತು ಕೂಗಾಡುತ್ತಾರೆ. ನಮ್ಮ ತಕ್ಕಡಿ ತೂಗುವವನು ಲಗಮಣ್ಣ. ಸಣ್ಣ ಮೈ, ದೊಡ್ಡ ದನಿ. ಕುಂಬಾರರ ಎತ್ತು ತಟ್ಟೆಯ ಮೇಲೆ ನಿಂತಾಗ ಅವನ ಬಟ್ಟುಕಲ್ಲು ಸಾಲಲಿಲ್ಲ. ಜನ ಕುಣಿದರು. ಲಗಮಣ್ಣ ಮಾತ್ರ ಕುಣಿಯಲಿಲ್ಲ. ಎತ್ತಿನ ಹಿಂದೆ ಹೋಗಿ ಬಾಲ ಎತ್ತಿ, ಉಳಿದ ಒಂದು ಗಂಟನ್ನು ಬಹಳ ಹೊತ್ತು ನೋಡಿದ.

"ಒಂದ ಹೋದರ ಇಷ್ಟು" ಎಂದ. "ಎರಡೂ ಹೋದರ?"

"ಎರಡೂ ಹೋದರ ನಿನ್ನ ತಕ್ಕಡಿ ಮುರೀತೈತಿ" ಎಂದೆ ನಾನು. ಅವನು ನಗಲಿಲ್ಲ.

ಮನೆಗೆ ಹೋಗಿ ಇಲಿ ಹಿಡಿದ. ಹಿತ್ತಲಲ್ಲಿ ಗಡಿಗೆ ಸಾಲಿಟ್ಟು, ಗಡಿಗೆಗೊಂದು ಜೋಡಿ ಇಲಿ ಬಿಟ್ಟು, ಹೆಂಡತಿ ತಿಪ್ಪವ್ವನ ಕೂದಲ ಸೂಜಿಯಿಂದ ಅವುಗಳ ಸಾಸಿವೆಗಂಟು ಬಿಚ್ಚಿದ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡೂ. ಅಕ್ಕಸಾಲಿಗರ ತಕ್ಕಡಿ ತಂದು ಗುಲಗಂಜಿ ಇಟ್ಟು ದಿನಾ ತೂಗಿದ. ಎರಡು ತಿಂಗಳ ಮೇಲೆ ಊರ ಕಟ್ಟೆಗೆ ಒಂದು ಇಲಿ ತಂದು ಬಿಟ್ಟ. ಅದು ಇಲಿ ಎಂದು ಬಾಲ ನೋಡಿ ಹೇಳಬೇಕು. ಗರಡಿಯಾಳಿನ ಹಾಗೆ ಭುಜ, ತೊಡೆಗಳ ನಡುವೆ ಗೀರು, ಕುತ್ತಿಗೆಯೇ ಇಲ್ಲ. ಜನ ಬಿದ್ದು ಬಿದ್ದು ನಕ್ಕರು. ಊರ ಹಿರಿಯ ಶಿವಬಸಪ್ಪ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ಬಂದ. ಅವನು ಎದ್ದು ಬರುವವನಲ್ಲ.

"ಇದರ ಹೆಣ್ಣು ಎಲ್ಲೈತಿ?" ಎಂದು ನಾನು ಕೇಳಿದೆ.

"ಯಾವ ಹೆಣ್ಣು?"

"ಗಂಟ ಬಿಚ್ಚಿದ ಹೆಣ್ಣಿಲಿ. ಅದನ್ನೂ ತೋರಸು."

"ಹೆಣ್ಣ ನಾ ತೂಗಿಲ್ಲ ಅಡಿವೆಕ್ಕಾ" ಎಂದ ಲಗಮಣ್ಣ, ಕೂಸಿಗೆ ಹೇಳಿದ ಹಾಗೆ. "ಅವು ಬಸರ ಆಕ್ಕಾವು. ಒಳಗಿನ ಮರಿ ತೂಕ ಎಷ್ಟು, ತಾಯಿ ತೂಕ ಎಷ್ಟು ತಿಳಿಯೂದಿಲ್ಲ. ತೂಕ ತಪ್ಪತೈತಿ. ಅದಕ್ಕ ಅವನ್ನ ಬಿಟ್ಟೀನಿ."

ಎಲ್ಲರೂ ತಲೆ ಆಡಿಸಿದರು. ಸರಿಯಾದ ಮಾತು ಅನಿಸಿತು ಅವರಿಗೆ. ನನ್ನ ಕಿವಿಯಲ್ಲಿ ಆ ಮಾತು ಇವತ್ತಿಗೂ ಸುಡುತ್ತದೆ. ಹೊರುವವಳನ್ನು ತೂಗಿದರೆ ತೂಕ ತಪ್ಪುತ್ತದೆಯಂತೆ!

ಸಂಜೆ ತಿಪ್ಪವ್ವ ಬಾವಿಯ ಹತ್ತಿರ ಸಿಕ್ಕಳು. ಅವಳು ಹೆಚ್ಚು ಮಾತಿನವಳಲ್ಲ. ಕೊಡ ಇಳಿಸಿ, ಅತ್ತಿತ್ತ ನೋಡಿ ಹೇಳಿದಳು: "ಏಳು ಹೆಣ್ಣಿದ್ದು ಯಕ್ಕಾ. ಆರು ಸತ್ತು. ಮರಿ ಹೊರಗ ಬರಲಿಲ್ಲ. ಮುಂಜಾನೆ ಮುಂಜಾನೆ ಗಡಿಗಿ ಬಗ್ಗಿಸಿ ತಿಪ್ಪಿಗೆ ಹಾಕಿ ಬಂದಾಕಿ ನಾನ. ಅವರಿಗೆ ಹೇಳಿದ್ರ, ಇಲಿ ಸಾಯದ ಏನ್ ಮಾಡ್ತೈತಿ ಅಂದ್ರು."

ನಾನು ಶಿವಬಸಪ್ಪನ ಮನೆಗೆ ಹೋದೆ. ಅವನು ಪೂಜೆಗೆ ಕೂತಿದ್ದ. ಪೂಜೆ ಮುಗಿಯುವ ತನಕ ಕಾದು, ಆರು ಇಲಿಗಳ ವಿಷಯ ಹೇಳಿದೆ. ಅವನು ಮೃದುವಾಗಿ ನಕ್ಕ. "ಅಡಿವೆವ್ವಾ, ನೀ ಭಕ್ತಿವಂತಿ. ದೇವರು ಬೆಳಸಾಕ ನಿಂತಾಗ ನಾವು ಅಡ್ಡ ನಿಲ್ಲಬಾರದು." ದೇವರು ಕಟ್ಟಿದ್ದನ್ನು ಸೂಜಿಯಿಂದ ಬಿಚ್ಚಿ, ಬೆಳೆಸುವವನು ದೇವರು ಎನ್ನುತ್ತಾನಲ್ಲ!

ಮುಂದಿನ ಹುಣ್ಣಿಮೆಗೆ ಡಂಗುರ ಹೊಡೆಸಿದರು. ಇನ್ನು ಮೇಲೆ ಹುಟ್ಟುವ ಕರು, ಕುರಿಮರಿ ಎಲ್ಲದರ ಎರಡೂ ಗಂಟು ಹನ್ನೊಂದನೆಯ ದಿನ ಬಿಚ್ಚತಕ್ಕದ್ದು. ಬಿಚ್ಚಲು ನನ್ನನ್ನೇ ಕರೆದರು. ನನ್ನ ಕೈ ಪಳಗಿದ ಕೈ, ನೋವಾಗುವುದಿಲ್ಲ ಎಂದರು. ನಾನು ಗಿಂಡಿ ಬೋರಲು ಹಾಕಿ ಮನೆಯಲ್ಲಿ ಕೂತೆ. ಆ ಕೆಲಸ ನನ್ನ ಮೈದುನ ಯಮನಪ್ಪ ಹಿಡಿದ. ಪಕ್ಕದ ಅಂಕಣದಲ್ಲೇ ಇರುವವನು, ಕೆಟ್ಟವನಲ್ಲ. ಯಾರಾದರೂ "ಭಲೆ" ಎಂದರೆ ಅವರ ಹಿಂದೆ ಹೊಳೆಗೂ ಹಾರುತ್ತಾನೆ, ಅಷ್ಟೇ.

ಮೊದಲು ಬಿಚ್ಚಿದ ಹೋರಿಗೆ ಗುಡ್ಡ ಎಂದು ಹೆಸರಿಟ್ಟರು. ಎರಡು ವರ್ಷಕ್ಕೆ ಅದು ಗುಡ್ಡವೇ ಆಯಿತು. ತೊಗಲು ಮಾಂಸಕ್ಕೆ ಅಂಟಿ, ಒಂದೊಂದು ಸ್ನಾಯುವೂ ಬೇರೆ ಬೇರೆಯಾಗಿ ಎಣಿಸಲು ಬರುವ ಹಾಗೆ. ನಾಲಗೆ ದಪ್ಪವಾಗಿ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಹೊಳೆಯ ತನಕ ನಡೆದರೆ ನಡುದಾರಿಯಲ್ಲಿ ಮಲಗಿ ತೇಕುತ್ತಿತ್ತು. ಹಾಗಾಗಿ ಹೊಳೆಯನ್ನೇ ಅದರ ಹತ್ತಿರ ತಂದರು: ಓಣಿಯ ಹೆಂಗಸರು ಪಾಳಿ ಹಚ್ಚಿ ಕೊಡ ಹೊತ್ತರು. ಊರು ಬಹಳ ಬೇಗ ಹೊಂದಿಕೊಂಡಿತು. ಬಡಗಿಗಳು ಕೊಟ್ಟಿಗೆಯ ಬಾಗಿಲು ಅಗಲ ಮಾಡಿಕೊಟ್ಟರು. ಬೇಸಿಗೆಯಲ್ಲಿ ಕರುಗಳು ಬಿಸಿಲಿಗೆ ಬವಳಿ ಬಂದು ಬೀಳುತ್ತವೆಂದು ಅವುಗಳಿಗೆ ಒದ್ದೆ ಗೋಣಿಚೀಲ ಹೊದಿಸುವುದು ಸೊಸೆಯರ ಕೆಲಸವಾಯಿತು. ಗಂಡಸರು ಸಂಜೆ ಕಟ್ಟೆಯ ಮೇಲೆ ಕೂತು, "ನಮ್ಮದರ ತೊಡಿ ನೋಡೀಯೇನು?" ಎನ್ನುತ್ತಿದ್ದರು. ಯಾರೂ ಯಾರ ದನದ ಮುಖವನ್ನೂ ನೋಡುತ್ತಿರಲಿಲ್ಲ.

ಕುರಿ ಬೇಗ ಗಬ್ಬವಾಗುವ ಪ್ರಾಣಿ, ಅದಕ್ಕೇ ಪಾಪ ಮೊದಲು ಕುರಿಗೆ ಬಂತು. ಬಿಚ್ಚಿದ ಟಗರಿಗೂ ಬಿಚ್ಚಿದ ಹೆಣ್ಣುಕುರಿಗೂ ಹುಟ್ಟುವ ಮರಿಗೆ ಗಂಟು ಕೊಡುವವರೇ ಇಲ್ಲ. ಒಳಗಿನಿಂದಲೇ ನಿಲ್ಲುವುದು ಗೊತ್ತಿಲ್ಲದ ಮರಿ. ಆ ಚಳಿಗಾಲ ಹತ್ತೊಂಬತ್ತು ಕುರಿಗಳ ಹೆರಿಗೆಗೆ ಹೋದೆ. ಕರೆದರೆ ಹೋಗದೆ ಇರಲು ನನ್ನಿಂದ ಆಗಲಿಲ್ಲ. ಐದು ತಾಯಿ ಉಳಿದವು. ಹದಿನಾಲ್ಕು ನನ್ನ ಮಡಿಲಲ್ಲಿ ಸತ್ತವು. ಊರಿನವರು ಏನಂದರು ಗೊತ್ತೇ? ಅಡಿವೆವ್ವಗೆ ವಯಸ್ಸಾಯಿತು, ಕೈ ಸೋತಿದೆ ಎಂದರು. ಮನಸ್ಸಿಲ್ಲದೆ ಮುಟ್ಟುತ್ತಾಳೆ, ಕಣ್ಣು ಸರಿಯಿಲ್ಲ ಎಂದರು. ಶಿವಬಸಪ್ಪ ಕಟ್ಟೆಯ ಮೇಲೆ ನಿಂತು, "ಕುರಿದು ಸಣ್ಣ ಎಲುಬು. ಆಕಳದು ಹಂಗಲ್ಲ, ಆಕಳು ತಡೀತೈತಿ" ಎಂದ. ಅವನ ಎಲುಬಲ್ಲವಲ್ಲ.

ಆಗ ನನ್ನ ಹತ್ತಿರ ಕೆಂಚಿ ಇದ್ದಳು. ಎರಡೂವರೆ ವರ್ಷದ ಮಣಕ, ಬೆಲ್ಲದ ಬಣ್ಣ. ಡಂಗುರಕ್ಕಿಂತ ಮೊದಲು ಹುಟ್ಟಿದವಳು, ಎರಡೂ ಗಂಟು ನಾನೇ ನೋಡಿದ್ದೆ. ಅವಳಿಗೆ ನನ್ನ ಸೆರಗಿನ ಚುಂಗು ಅಗಿಯುವ ಚಾಳಿ. ಪೂಜೆಗೆ ಕೂತರೆ ಹಿಂದೆ ಬಂದು ನಿಂತು ನನ್ನ ಕುತ್ತಿಗೆಗೆ ಉಸಿರು ಬಿಡುವಳು. ಮಂತ್ರ ತಪ್ಪುತ್ತಿತ್ತು, ಶಿವ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಅವಳನ್ನು ಯಾವ ಹೋರಿಗೂ ತೋರಿಸಿರಲಿಲ್ಲ. ಹೊಳೆಯಾಚೆ ಗಂಟಿದ್ದ ಹೋರಿ ಇನ್ನೂ ಇದ್ದವು, ಬೇಸಿಗೆಯಲ್ಲಿ ಹೊಳೆ ಇಳಿದ ಮೇಲೆ ದಾಟಿಸಿಕೊಂಡು ಹೋಗೋಣ ಎಂದುಕೊಂಡಿದ್ದೆ.

ಗಂಡನ ವರ್ಷದ ದಿನ ಎರಡು ಹೊಳೆ ಕೂಡುವ ಜಾಗಕ್ಕೆ ಹೋಗಿ ಮುಳುಗು ಹಾಕಿ ಬರುವುದು ನನ್ನ ರೂಢಿ. ಹೋಗಿ ಬರಲು ಎರಡು ದಿನ. ಕೆಂಚಿಗೆ ಮೇವು ಹಾಕಲು ಯಮನಪ್ಪನಿಗೆ ಹೇಳಿ ಹೋದೆ. ಮೂರನೆಯ ದಿನ ಮಧ್ಯಾಹ್ನ ಬಂದೆ. ಕೆಂಚಿ ನನ್ನನ್ನು ನೋಡಿ ಹತ್ತಿರ ಬರಲಿಲ್ಲ. ಮೈಮೇಲೆ ಕೈಯಾಡಿಸುತ್ತ ಬಾಲದ ಬುಡಕ್ಕೆ ಬಂದೆ. ಬಲಗಡೆ ಬೋಳು. ಎಡಗಡೆ ಬೋಳು. ಬೆನ್ನ ಮೇಲೆ ಗುಡ್ಡ ಹೋರಿಯ ಕಾಲಿನ ಗೀರು.

ಯಮನಪ್ಪ ಹೊಸ ಮುಂಡಾಸು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಸಿಟ್ಟಾಗಬ್ಯಾಡ ವೈನಿ. ಊರಾಗ ಬಿಚ್ಚಿದ ಮಣಕ ಎಲ್ಲಾ ಇನ್ನೂ ಸಣ್ಣವು. ಕೆಂಚಿ ಒಬ್ಬಾಕಿನ ಈಗ ಹದಕ್ಕ ಬಂದಾಕಿ. ಎರಡೂ ಕಡಿಂದ ಗಂಟಿಲ್ಲದ ಮೊದಲನೇ ಕರ ನಮ್ಮ ಮನ್ಯಾಗ ಹುಟ್ಟತೈತಿ. ಶಿವಬಸಪ್ಪ ಗೌಡ್ರು ತಾವ ಕೈಯಾರೆ ಮುಂಡಾಸ ಸುತ್ತಿದ್ರು."

"ಯಾರ ಆಕಳೋ ಅದು?"

"ನಮ್ಮ ಮನೀದು."

"ಯಾರ ಆಕಳು?"

"…ನಿಂದು."

"ನಿನ್ನ ಅಣ್ಣಗ ನೀರ ಬಿಟ್ಟು ಬರೂದ್ರಾಗ ನನ್ನ ಕೂಸನ್ನ ಕೊಂದಿಟ್ಟೀಯಲ್ಲೋ!"

"ಕೊಂದೀನೇನು? ನೋಡು, ಹೆಂಗ ನಿಂತಾಳ!" ಎಂದ ಅವನು, ನಿಜವಾಗಿಯೂ ಗೊತ್ತಾಗದೆ. ನಾನು ಅವನ ಮುಂಡಾಸು ಕಿತ್ತು ಸಗಣಿಯ ಗುಂಡಿಗೆ ಎಸೆದೆ. ನನ್ನ ಜನ್ಮದಲ್ಲಿ ಇನ್ನೊಬ್ಬರ ತಲೆಯ ಬಟ್ಟೆಗೆ ಕೈ ಹಾಕಿದ್ದು ಅದೊಂದೇ ಸಲ.

ಒಂಬತ್ತು ತಿಂಗಳು ನಾನು ಒಂದೇ ಮಾತು ಬೇಡಿದೆ: ಕರು ಬದುಕಲಿ ಎಂದಲ್ಲ, ಕೆಂಚಿ ಬದುಕಲಿ ಎಂದು. ಹೀಗೆ ಆರಿಸಿ ಬೇಡುವುದು ಭಕ್ತಿಯೋ ಅಲ್ಲವೋ ಗೊತ್ತಿಲ್ಲ. ಕೆಂಚಿ ನನ್ನ ಕಣ್ಣೆದುರೇ ಬದಲಾದಳು. ಬೆಲ್ಲದ ಬಣ್ಣದ ತೊಗಲ ಕೆಳಗೆ ಯಾರೋ ಕಲ್ಲು ಜೋಡಿಸಿದ ಹಾಗೆ ತೊಡೆ ಎದ್ದವು. ಹಿಂಭಾಗದಲ್ಲಿ ಮಾಂಸ ತುಂಬಿ, ಕರು ಬರುವ ದಾರಿ ಒಳಗಿನಿಂದಲೇ ಇಕ್ಕಟ್ಟಾಯಿತು. ನನ್ನ ಕೈಗೆ ಅದು ಗೊತ್ತಾಗುತ್ತಿತ್ತು. ಹಿಂಡಿ ಹಾಕುವುದನ್ನು ಬಿಟ್ಟೆ, ಒಣಮೇವು ಮಾತ್ರ ಹಾಕಿದೆ, ದಿನಾ ಮುಂಜಾನೆ ನಡೆಸಿದೆ. ನೂರು ಹೆಜ್ಜೆಗೆ ತೇಕುವಳು. ಆದರೂ ನಡೆದಳು, ನನ್ನ ಸೆರಗು ಬಾಯಲ್ಲಿ ಹಿಡಿದು. ಓಣಿಯಲ್ಲಿ ಜನ ಕೈಮುಗಿಯುತ್ತಿದ್ದರು, ಅವಳ ಹೊಟ್ಟೆಗೆ. "ಎಷ್ಟ ಆಗಬಹುದವ್ವಾ ತೂಕ?" ಎನ್ನುವರು. ಅವಳಿಗೆ ಹೇಗಿದೆ ಎಂದು ಕೇಳಿದವಳು ತಿಪ್ಪವ್ವ ಒಬ್ಬಳೇ.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ. ಯಮನಪ್ಪ ಓಡಿಹೋಗಿ ಸುದ್ದಿ ಮುಟ್ಟಿಸಿದ. ಗಳಿಗೆಯೊಳಗೆ ಅಂಗಳ ತುಂಬಿತು. ಊರ ತಕ್ಕಡಿಯನ್ನು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದು ನನ್ನ ತುಳಸಿಕಟ್ಟೆಯ ಪಕ್ಕದಲ್ಲೇ ಹೂಡಿದರು. ಬೆಳಿಗ್ಗೆ ರಂಗೋಲಿ ಹಾಕಿದ್ದೆ. ಅದರ ಮೇಲೇ ಬಟ್ಟುಕಲ್ಲು ಇಟ್ಟರು. ಶಿವಬಸಪ್ಪ ಚೆಂಡುಹೂವಿನ ಮಾಲೆ ಹಿಡಿದು ನಿಂತ. ಹಡೆಯುವವಳಿಗೆ ಮರೆ ಇರಲೆಂದು ನಾನು ಕೊಟ್ಟಿಗೆಯ ಬಾಗಿಲಿಗೆ ನನ್ನ ಸೀರೆಯೊಂದನ್ನು ಕಟ್ಟಿದರೆ, ಯಾರೋ ಅದನ್ನು ಸರಿಸಿದರು, ಕಾಣುವುದಿಲ್ಲವೆಂದು.

ತಿಪ್ಪವ್ವ ಕರೆಯದೆ ಒಳಗೆ ಬಂದಳು. ತೋಳಿಗೆ ಎಣ್ಣೆ ಹಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಕರುವಿನ ಮುಂಗಾಲು ಬಂದವು, ಆಮೇಲೆ ಮೂಗು, ಆಮೇಲೆ ತಲೆ. ತಲೆ ಬಂದಾಗ ಅಂಗಳದಲ್ಲಿ ಚಪ್ಪಾಳೆ ಹೊಡೆದರು. ಕರುವಿಗೆ ಜೀವವಿತ್ತು. ಕಣ್ಣು ತೆರೆದಿತ್ತು. ದಪ್ಪ ನಾಲಗೆ ಹೊರಗೆ ಚಾಚಿ ಒಂದು ಸಲ ಉಸಿರೆಳೆಯಿತು. ಭುಜ ದಾಟಿಸಲು ನಾನೂ ತಿಪ್ಪವ್ವನೂ ಹಗ್ಗ ಕಟ್ಟಿ, ಕೆಂಚಿ ತಿಣುಕಿದಾಗಲಷ್ಟೇ ಎಳೆದೆವು. ಭುಜ ದಾಟಿತು. ಎದೆ ದಾಟಿತು. ಸೊಂಟದ ಹತ್ತಿರ ನಿಂತಿತು. ಅದರ ತೊಡೆ ಅವಳ ಎಲುಬಿನಲ್ಲಿ ಸಿಕ್ಕಿಕೊಂಡಿತ್ತು. ಹೊರಳಿಸಿದೆ, ಒಳಕ್ಕೆ ತಳ್ಳಿ ಓರೆ ಮಾಡಿದೆ, ಎಣ್ಣೆ ಸುರಿದೆ. ಕೆಂಚಿ ಕೂಗುವುದನ್ನು ನಿಲ್ಲಿಸಿ ಬರೀ ಉಸಿರಾಡುತ್ತಿದ್ದಳು.

ಶಿವಬಸಪ್ಪ ಒಳಗೆ ಬಂದ. ಹಿಂದೆ ಕುರಿ ಕೊಯ್ಯುವವನೊಬ್ಬ, ಕೈಯಲ್ಲಿ ಬಾಕು.

"ಅತ್ತ ಸರಿ ಅಡಿವೆವ್ವಾ. ಆಕಳ ಪಕ್ಕಡಿ ಸೀಳಿ ಕರ ತಗೀತಾನ. ಇನ್ನ ತಡ ಮಾಡಿದ್ರ ಕರ ಹೋಗತೈತಿ."

"ಆಕಿ?"

"ಆಕಿ ಹೋದ್ರ ಹೋದ್ಳು. ಊರಿಗೆ ಕೊಟ್ಟ ಹೋಕ್ಕಾಳ. ಪುಣ್ಯವಂತಿ. ಆಕಿಗೂ ಹೂ ಹಾಕೂಣು."

ನಾನು ಎದ್ದು ಕೆಂಚಿಯ ಹೊಟ್ಟೆಗೆ ಬೆನ್ನು ಹಚ್ಚಿ ನಿಂತೆ. ಮೊಣಕೈ ತನಕ ರಕ್ತ, ಎಣ್ಣೆ. "ಮೊದಲ ನನ್ನ ಸೀಳ್ರಿ" ಎಂದೆ. "ಆಮ್ಯಾಲ ಆಕಿನ್ನ."

"ಹುಚ್ಚಿ! ಕರದ ಕಣ್ಣ ನೋಡು, ಬದುಕೈತಿ ಇನ್ನ!"

"ಬದುಕೈತಿ. ನನಗೂ ಕಾಣತೈತಿ."

ಸುಳ್ಳು ಹೇಳುವುದಿಲ್ಲ. ಅವಳನ್ನು ಸೀಳಿದ್ದರೆ ಕರು ಉಳಿಯುತ್ತಿತ್ತು. ಅದು ನನ್ನ ಕಡೆಗೇ ನೋಡುತ್ತಿತ್ತು. ಅದರದು ಏನೂ ತಪ್ಪಿರಲಿಲ್ಲ, ಬೆಳೆ ಎಂದರು, ನಿಲ್ಲಿಸುವ ಗಂಟು ಕೊಡಲಿಲ್ಲ, ಬೆಳೆಯಿತು. ನಾನು ಸರಿಯಲಿಲ್ಲ. ಕುರಿ ಕೊಯ್ಯುವವನು ನನ್ನ ಮುಖ ನೋಡಿದ, ಕೆಂಚಿಯ ಮುಖ ನೋಡಿದ, ಬಾಕು ಸೊಂಟಕ್ಕೆ ಸಿಗಿಸಿ ಹೊರಗೆ ಹೋದ. ಅಷ್ಟು ಹೊತ್ತಿನಲ್ಲಿ ಕರುವಿನ ನಾಲಗೆ ನೀಲಿಯಾಯಿತು. ನಾನು ಅದರ ಕಣ್ಣು ಮುಚ್ಚಿದೆ, ಶಿವನ ಹೆಸರು ಹೇಳಿದೆ. ಆ ಪಾಪ ನನ್ನದು, ಯಾರ ಮೇಲೂ ಹಾಕುವುದಿಲ್ಲ. ಅದರ ಮುಂಚಿನದೆಲ್ಲ ಅವರದು.

ಸತ್ತ ಮೇಲೆ ಕರು ಮೆತ್ತಗಾಯಿತು. ಆಗ ಓರೆಯಾಗಿ ಹೊರಳಿಸಿ, ಇನ್ನೆರಡು ಗಳಿಗೆ ಕಷ್ಟಪಟ್ಟು, ಪೂರ್ತಿ ಹೊರಗೆ ತೆಗೆದೆವು. ಕೆಂಚಿಗೆ ಜೀವವಿತ್ತು. ಏಳಲು ಆಗುತ್ತಿರಲಿಲ್ಲ, ಹಿಂಗಾಲು ಸೋತಿದ್ದವು, ಆದರೆ ಕಿವಿ ಆಡಿಸಿದಳು. ಬೆಲ್ಲದ ನೀರು ಕುಡಿದಳು. ನಾನು ಅವಳ ಕುತ್ತಿಗೆಗೆ ಹಣೆ ಹಚ್ಚಿ ಅತ್ತೆ.

ತಲೆ ಎತ್ತಿ ನೋಡಿದರೆ ಕರು ಅಲ್ಲಿಲ್ಲ.

ಆರು ಜನ ಓಡಿ ಬಂದು ಅದನ್ನು ಎತ್ತಿಕೊಂಡು ಹೋಗಿದ್ದರು. ತಕ್ಕಡಿಯ ಹಲಗೆಯ ಮೇಲೆ ಮಲಗಿಸಿದ್ದರು. ಲಗಮಣ್ಣ ಕಲ್ಲು ಇಡುತ್ತಿದ್ದ, ಒಂದು, ಇನ್ನೊಂದು, ಮತ್ತೊಂದು. ದಂಡ ಸಮವಾದಾಗ ಅವನ ದೊಡ್ಡ ದನಿ ಓಣಿಯ ಆಚೆಗೂ ಕೇಳಿತು: "ಎಂಟು ಮಣ, ಮೂರು ಸೇರು!" ನಮ್ಮ ಊರ ಕರು ಹುಟ್ಟಿದಾಗ ಎರಡು ಮಣ ತೂಗಿದರೆ ಹೆಚ್ಚು. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು, ಇನ್ನೂ ನಾಲ್ಕು ಜನ ಸೇರಿದರು. ಶಿವಬಸಪ್ಪ ಚೆಂಡುಹೂವಿನ ಮಾಲೆಯನ್ನು ಸತ್ತ ಕರುವಿನ ಕೊರಳಿಗೆ ಹಾಕಿದ. "ಮುಂದಿನ ಸಲ ಉಳೀತೈತಿ" ಎಂದ. ಜನ ಚದುರತೊಡಗಿದರು, ಊಟದ ಹೊತ್ತು ಮೀರಿತ್ತು.

ಆಗ ಕೊಟ್ಟಿಗೆಯೊಳಗಿನಿಂದ ಕೆಂಚಿ ಕೂಗಿದಳು. ನೋವಿನ ಕೂಗಲ್ಲ. ಹಡೆದ ಆಕಳು ಕರುವನ್ನು ಕರೆಯುವ ಕೂಗು, ಗಂಟಲೊಳಗೇ, ಮೆಲ್ಲಗೆ. ಆ ಕೂಗು ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತು. ನಡೆಯುತ್ತಿದ್ದವರ ಹೆಜ್ಜೆ ನಿಧಾನವಾಯಿತು.

"ಆಕಿ ಕರ ಆಕಿಗೆ ಕೊಡ್ರಿ" ಎಂದೆ.

"ಸತ್ತೈತಿ ವೈನಿ" ಎಂದ ಯಮನಪ್ಪ.

"ಆಕಿಗೆ ಗೊತ್ತಿಲ್ಲ. ನೆಕ್ಕಿದ ಮ್ಯಾಲ ತಿಳೀತೈತಿ. ಕೊಡ್ರಿ."

ತಕ್ಕಡಿಯಿಂದ ಕೆಂಚಿಯ ತನಕ ಹದಿನೈದು ಹೆಜ್ಜೆ. ನಾನು ಹಲಗೆಯ ಹತ್ತಿರ ಹೋಗಿ ಕರುವಿನ ಮುಂಗಾಲು ಹಿಡಿದು ಎಳೆದೆ. ಕದಲಲಿಲ್ಲ. ಮತ್ತೆ ಎಳೆದೆ, ಕೈ ಜಾರಿ ಕೂತುಬಿಟ್ಟೆ. ತೂಗಲು ಓಡಿ ಬಂದ ಆರು ಜನ ಅಲ್ಲೇ ಇದ್ದರು, ಒಬ್ಬ ಉಗುರು ನೋಡುತ್ತಿದ್ದ. ನನಗೆ ಎಲ್ಲಿಂದ ದನಿ ಬಂತೋ ತಿಳಿಯದು, ಗಂಡನ ಹೆಣದ ಮುಂದೆಯೂ ಹಾಗೆ ಕೂಗಿರಲಿಲ್ಲ:

"ತೂಗಾಕ ಕೈ ಇದ್ದುವಲ್ಲೋ! ಈಗ ಎಲ್ಲಿ ಹೋದುವು? ಎಂಟು ಮಣ ಬೇಕಂದ್ರಿ, ಎಂಟು ಮಣ ಹಡದು ಕೊಟ್ಟಾಳ. ಒಬ್ಬಾಕಿ ಒಂಬತ್ತು ತಿಂಗಳ ಹೊತ್ತಾಳ. ನಿಮ್ಮ ಕಡಿಂದ ಹದಿನೈದು ಹೆಜ್ಜಿ ಆಗೂದಿಲ್ಲೇನು?"

ತಿಪ್ಪವ್ವ ಬಂದು ತಲೆಯ ಕಡೆ ಹಿಡಿದಳು. ಗಂಡನ ಮುಖ ನೋಡಿ, "ಬರ್ರಿ" ಎಂದಳು. ಅಷ್ಟೇ. ಲಗಮಣ್ಣ ಕೈಯಲ್ಲಿದ್ದ ಬಟ್ಟುಕಲ್ಲು ಕೆಳಗಿಟ್ಟು ಬಂದ. ಯಮನಪ್ಪ ಬಂದ, ಮೂಗು ಒರೆಸಿಕೊಳ್ಳುತ್ತ. ಆ ಆರು ಜನ ಬಂದರು. ಮೈ ಜಾರುತ್ತಿತ್ತು, ನಡುವೆ ಎರಡು ಸಲ ಇಳಿಸಬೇಕಾಯಿತು. ಎರಡನೆಯ ಸಲ ಇಳಿಸಿದಾಗ ನಾನು ಶಿವಬಸಪ್ಪನ ಕಡೆ ನೋಡಿದೆ. ನೋಡುತ್ತಲೇ ನಿಂತೆ. ಅವನು ಅಂಗಳದ ಆಚೆ ಈಚೆ ನೋಡಿದ. ಕೊನೆಗೆ ಬಂದು, ಧೋತರದ ಚುಂಗು ಸೊಂಟಕ್ಕೆ ಸಿಗಿಸಿ, ಹಿಂಗಾಲಿನ ಕೆಳಗೆ ಕೈ ಹಾಕಿದ.

ಕೆಂಚಿಯ ಮೂಗಿನ ಮುಂದೆ ಮಲಗಿಸಿದೆವು. ನಾನು ಕೊರಳಿನ ಮಾಲೆ ತೆಗೆದು ಹಾಕಿದೆ, ಅವಳ ನಾಲಗೆಗೆ ಅಡ್ಡ ಬರಬಾರದೆಂದು. ಅವಳು ಮೂಸಿದಳು. ಕಿವಿಯಿಂದ ನೆಕ್ಕಲು ಶುರುಮಾಡಿದಳು. ಶಿವಬಸಪ್ಪ ಕೈ ಒರೆಸಿಕೊಂಡು ಹೊರಡಲು ತಿರುಗಿದ.

"ನಿಂದ್ರು" ಎಂದೆ. ಊರ ಹಿರಿಯನಿಗೆ ಏಕವಚನ. "ಯಾರೂ ಹೋಗಬ್ಯಾಡ್ರಿ. ಆಕಿದು ಇನ್ನೂ ಮುಗಿದಿಲ್ಲ."

ನಿಂತರು. ಕೆಂಚಿ ಕಿವಿ ಮುಗಿಸಿ ಹಣೆಗೆ ಬಂದಳು, ಹಣೆ ಮುಗಿಸಿ ಕುತ್ತಿಗೆಗೆ. ನಡುನಡುವೆ ನಿಲ್ಲಿಸಿ, ಎದ್ದೀತೇನೋ ಎಂದು ನೋಡುವಳು, ಮತ್ತೆ ನೆಕ್ಕುವಳು. ಅಷ್ಟು ದೊಡ್ಡ ಮೈ, ಬಹಳ ಹೊತ್ತು ಹಿಡಿಯಿತು.